ಮೀಕಲ್ ಡಾಕ್ಟರಿಗೊಂದು ರೋಗ ಬೇಕಿತ್ತು

ನಮ್ಮ ಗ್ಲೆನಾರಿನ್ ಊರಿನ ಪಶುವೈದ್ಯ ಲಾಕ್ಲನ್ ಮೀಕಲ್ ಅವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ. ಯಾವುದಾದರೂ ಒಂದು ರೋಗಕ್ಕೆ ತಮ್ಮ ಹೆಸರು ಬೀಳಬೇಕು. ಮಕ್ಕಳಿಲ್ಲದ್ದಕ್ಕೆ ಹೀಗಾಡುತ್ತಾರೆ ಎಂದು ಊರಿನವರು ಹೇಳುತ್ತಿದ್ದರು. ಕಾರಣ ಅದಲ್ಲ. ಅವರ ಜೊತೆ ಓದಿದವನೊಬ್ಬನ ಹೆಸರನ್ನು ಒಂದು ಹುಳುವಿಗೆ ಇಟ್ಟಿದ್ದರು. ಕುರಿಯ ಶ್ವಾಸಕೋಶದಲ್ಲಿ ಸಿಗುವ, ಹರಿದ ದಾರದ ಎಳೆಯಂತೆ ಕಾಣುವ ಒಂದು ಬಡಕಲು ಹುಳು. ಆ ಸುದ್ದಿ ಬಂದ ದಿನದಿಂದ ಮೀಕಲ್ ಡಾಕ್ಟರಿಗೆ ನೆಮ್ಮದಿ ಇರಲಿಲ್ಲ. ಪರೀಕ್ಷೆಗಳಲ್ಲಿ ತಮ್ಮ ಉತ್ತರ ನೋಡಿ ಬರೆದು ಪಾಸಾದವನು ಹುಳುವಿನ ರೂಪದಲ್ಲಿ ಅಮರನಾಗಿಬಿಟ್ಟ ಎಂದು ಅವರು ನನ್ನ ಎದುರಿಗೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ನಾನು ಅವರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುತ್ತಿದ್ದೆ, ಔಷಧಿ ಕಟ್ಟಿಕೊಡುತ್ತಿದ್ದೆ. ಅವರು ಯಾವುದಾದರೂ ಪ್ರಾಣಿಯನ್ನು ಕೊಯ್ಯುವಾಗ ಬಕೆಟ್ ಹಿಡಿದು ನಿಲ್ಲುವುದೂ ನನ್ನ ಪಾಲಿಗೇ ಬರುತ್ತಿತ್ತು. ಭೂಮಿಯ ದಕ್ಷಿಣ ತುದಿಯಲ್ಲಿರುವ ನಮ್ಮ ಸೌತ್‌ಲ್ಯಾಂಡಿನಲ್ಲಿ ಆಗ ಕುರಿಗಳ ರೋಗಗಳೆಲ್ಲ ಮುಗಿದುಹೋಗಿದ್ದವು. ರೋಗ ಮುಗಿದಿತ್ತು ಎಂದಲ್ಲ, ಹೆಸರಿಡುವುದು ಮುಗಿದಿತ್ತು. ಕುರಿಯ ಗೊರಸಿನಿಂದ ಮೂಗಿನ ತುದಿಯವರೆಗೆ ಒಂದು ಇಂಚೂ ಬಿಡದೆ ಯಾರ್‍ಯಾರೋ ಸ್ಕಾಟ್‌ಲ್ಯಾಂಡಿನವರು ಮೊದಲೇ ಹಂಚಿಕೊಂಡಿದ್ದರು. ಮೀಕಲ್ ಡಾಕ್ಟರು ತಡವಾಗಿ ಹುಟ್ಟಿದ್ದರು.

ಅಷ್ಟರಲ್ಲಿ ಜಿಂಕೆಗಳು ಬಂದವು.

ಜಿಂಕೆಗಳು ಮೊದಲೂ ಇದ್ದವು. ನಮ್ಮಪ್ಪನ ಕಾಲದಲ್ಲಿ ಅವು ಪೀಡೆ. ಬೆಟ್ಟದ ಕಾಡನ್ನೆಲ್ಲ ಬೋಳು ಮಾಡುತ್ತವೆ ಎಂದು ಸರ್ಕಾರವೇ ಸಂಬಳ ಕೊಟ್ಟು ಅವನ್ನು ಕೊಲ್ಲಿಸುತ್ತಿತ್ತು. ಬಾಲ ಕತ್ತರಿಸಿ ತಂದು ತೋರಿಸಿದರೆ ತೋಟಾ ಕೊಡುತ್ತಿದ್ದರು. ಆಮೇಲೆ ಜರ್ಮನಿಯವರಿಗೆ ಜಿಂಕೆ ಮಾಂಸ ಬೇಕು, ಕೊರಿಯಾದವರಿಗೆ ಔಷಧಿಗೆ ಜಿಂಕೆಯ ಎಳೆಗೊಂಬು ಬೇಕು ಎಂದು ಗೊತ್ತಾದದ್ದೇ ತಡ, ಅದೇ ಜಿಂಕೆಗೆ ರಾಜಮರ್ಯಾದೆ ಶುರುವಾಯಿತು. ಹೆಲಿಕಾಪ್ಟರಿನಿಂದ ಬಲೆ ಬೀಸಿ ಹಿಡಿದು, ಕಣ್ಣಿಗೆ ಬಟ್ಟೆ ಕಟ್ಟಿ, ಆಕಾಶದಲ್ಲಿ ತೂಗಾಡಿಸಿಕೊಂಡು ತಂದು ಬೇಲಿಯೊಳಗೆ ಇಳಿಸುತ್ತಿದ್ದರು. ಮೊನ್ನೆಯವರೆಗೆ ಗುಂಡು ಹೊಡೆಯುತ್ತಿದ್ದವರು ಈಗ ಎದೆಯ ಮೇಲೆ ಜಿಂಕೆ ತಲೆಯ ಬೆಳ್ಳಿ ಪಿನ್ನು ಚುಚ್ಚಿಕೊಂಡು ಓಡಾಡತೊಡಗಿದರು.

ಅವರಲ್ಲಿ ಮೊದಲಿಗ ಕ್ಲೆಮ್ ರ್‍ಯಾಟ್ರೇ. ಅಜ್ಜನ ಕಾಲದಿಂದ ಕುರಿ ಸಾಕಿದ ಮನೆತನ. ಕ್ಲೆಮ್ ಮುಕ್ಕಾಲು ಪಾಲು ಕುರಿ ಮಾರಿ, ಆಳೆತ್ತರಕ್ಕಿಂತ ಎತ್ತರದ ಬೇಲಿ ಹಾಕಿಸಿ, ಜಿಂಕೆ ಸಾಕುವವರ ಸಂಘದ ಅಧ್ಯಕ್ಷನಾದ. ಅಂದಿನಿಂದ ಕುರಿಗಳನ್ನು ಅವನು ಹೆಸರು ಹಿಡಿದು ಕರೆದದ್ದಿಲ್ಲ, "ಆ ಕಂಬಳಿಗಳು" ಎನ್ನುತ್ತಿದ್ದ. ಜಿಂಕೆಯ ವಿಷಯದಲ್ಲಿ ಅವನದೊಂದು ಸಿದ್ಧಾಂತವಿತ್ತು. ಅದನ್ನು ಪಬ್ಬಿನಲ್ಲಿ ಕೂತವರಿಗೆಲ್ಲ ಬೋಧಿಸುತ್ತಿದ್ದ.

"ಜಿಂಕೆ ಅಂದ್ರೆ ಕಾಡುಪ್ರಾಣಿ ಕಣಯ್ಯಾ. ಅದಕ್ಕೆ ರೋಗ ಇಲ್ಲ, ರುಜಿನ ಇಲ್ಲ. ಡಾಕ್ಟ್ರೂ ಬೇಡ, ಮೇವೂ ಬೇಡ. ಬೆಟ್ಟದ ಮೇಲೆ ಅದಕ್ಕೆ ಯಾರು ಬಡಿಸ್ತಿದ್ರು ಹೇಳು?"

ಬೆಟ್ಟದ ಮೇಲೆ ಅದು ಮೇಯಲು ಹತ್ತು ಮೈಲಿ ನಡೆಯುತ್ತಿತ್ತು, ಗಾಳಿ ಬೀಸಿದರೆ ಮರದ ಸಂದಿಗೆ ಹೋಗುತ್ತಿತ್ತು. ನಿನ್ನ ಬೇಲಿಯೊಳಗೆ ಮರವೆಲ್ಲಿದೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಆಗಲೇ ಬೇಲಿ ಹಾಕಿಸಿಯಾಗಿತ್ತು.

ಜುಲೈ ತಿಂಗಳ, ಅಂದರೆ ನಮ್ಮ ಕಡೆ ನಡುಚಳಿಗಾಲದ, ಒಂದು ಬೆಳಿಗ್ಗೆ ಕ್ಲೆಮ್‌ನ ಫೋನ್ ಬಂತು.

"ಡಾಟ್, ಲಾಕಿ ಇದಾನಾ?"

"ಹಸುವಿನೊಳಗೆ ಕೈ ಹಾಕ್ಕೊಂಡು ನಿಂತಿದಾರೆ. ಏನಾಯ್ತು?"

"ನನ್ನ ಮರಿಗಳು ಸಾಯ್ತಾ ಇವೆ. ಹಾಲು ಬಿಟ್ಟ ಮರಿಗಳು, ಒಂದಾದ ಮೇಲೊಂದು. ನಿನ್ನೆ ಚೆನ್ನಾಗಿದ್ದದ್ದು ಇವತ್ತು ಕಾಲು ಚಾಚಿ ಬಿದ್ದಿರುತ್ತೆ."

ನಾನು ಹೋಗಿ ಹೇಳಿದೆ. ಮೀಕಲ್ ಡಾಕ್ಟರ ಮುಖ ಅರಳಿದ್ದನ್ನು ಆ ಹಸುವೂ ನೋಡಿರಬೇಕು. ಸಾವಿನ ಮನೆಗೆ ಹೊರಟವರು ಸೀಟಿ ಹೊಡೆಯಬಾರದು. ಅವರು ದಾರಿಯುದ್ದಕ್ಕೂ ಹೊಡೆದರು.

ಹಿಮ ಬಿದ್ದು ನೆಲ ಹಲಗೆಯಂತೆ ಗಟ್ಟಿಯಾಗಿತ್ತು. ಸತ್ತ ಮರಿಗಳ ಹಿಂಭಾಗವೆಲ್ಲ ಕಪ್ಪು ಭೇದಿ, ತಡೆಯಲಾರದ ನಾತ. ಒಂದರ ಹೊಟ್ಟೆ ಸೀಳಿದಾಗ ಕರುಳೆಲ್ಲ ಕೆಂಪಗೆ ಊದಿಕೊಂಡಿತ್ತು.

"ಡಾಟ್, ಇಂಥದ್ದನ್ನ ನಾನು ನೋಡೇ ಇಲ್ಲ," ಎಂದರು, ದೇವಸ್ಥಾನದಲ್ಲಿ ಮಾತಾಡುವವರ ದನಿಯಲ್ಲಿ.

"ಇದಕ್ಕೆ ಮುಂಚೆ ಜಿಂಕೆಯ ಹೊಟ್ಟೇನೇ ನೀವು ನೋಡಿಲ್ಲವಲ್ಲ ಡಾಕ್ಟ್ರೇ."

ಅವರಿಗೆ ಕೇಳಿಸಲಿಲ್ಲ. ಮೂತ್ರಪಿಂಡವನ್ನು ಹೊರಗೆ ತೆಗೆದು ತಿರುಗಿಸಿ ನೋಡಿದರು. ಅದರ ಸುತ್ತ ಇರಬೇಕಾದ ಕೊಬ್ಬು ಒಂದು ಚೂರೂ ಇರಲಿಲ್ಲ, ತೊಳೆದಿಟ್ಟ ಕಲ್ಲಿನ ಹಾಗಿತ್ತು. "ಇದು ಮುಖ್ಯ ಅಲ್ಲ," ಎಂದು ನನ್ನ ಬಕೆಟ್ಟಿಗೆ ಹಾಕಿದರು.

ವಾರ ಕಳೆಯುವುದರೊಳಗೆ ಊರಿನ ಸಭಾಭವನದಲ್ಲಿ ಸಂಘದ ಸಭೆ ಸೇರಿತು. ಬೇರೆಯವರ ಬೇಲಿಯೊಳಗೂ ಮರಿಗಳು ಬೀಳುತ್ತಿದ್ದವು. ಮೀಕಲ್ ಡಾಕ್ಟರು ಮದುವೆಯ ಸೂಟು ಹಾಕಿಕೊಂಡು ಬಂದು, ಇದೊಂದು ಹೊಸ ಸೋಂಕು, ಜಗತ್ತಿನಲ್ಲಿ ಎಲ್ಲೂ ಕಂಡಿಲ್ಲದ್ದು ಎಂದು ಘೋಷಿಸಿದರು. ವಿಜ್ಞಾನದ ಸಂಪ್ರದಾಯದಂತೆ ಕಂಡುಹಿಡಿದವನ ಹೆಸರಿನಲ್ಲಿ ಇದನ್ನು ಮೀಕಲ್ ರೋಗ ಎನ್ನಬಹುದು ಎಂದು ಸೂಚಿಸಿ, ಬೇರೆ ಯಾರೋ ಹೇಳಿದ ಮಾತಿಗೆ ನಾಚಿಕೊಂಡವರಂತೆ ತಲೆ ತಗ್ಗಿಸಿದರು.

ಕ್ಲೆಮ್ ಸಿಟ್ಟಿನಿಂದ ಎದ್ದ. "ರೋಗ ಅಂತ ಹೆಸರಿಟ್ಟರೆ ನಮ್ಮ ಜಿಂಕೆಗಳನ್ನ ಯಾರು ಕೊಳ್ತಾರಯ್ಯಾ? ನಿನಗೆ ಹೆಸರು, ನಮಗೆ ನಾಮ."

"ಹೊಸ ರೋಗ ಕ್ಲೆಮ್. ಯಾರಿಗೂ ಗೊತ್ತಿಲ್ಲದ್ದು. ಇದರಲ್ಲಿ ಯಾರ ತಪ್ಪೂ ಇಲ್ಲ."

ಆ ಕೊನೆಯ ಮಾತು ಕೇಳಿ ಕ್ಲೆಮ್ ನಿಂತಲ್ಲೇ ಯೋಚಿಸಿದ. ಭವನದಲ್ಲಿದ್ದ ಎಲ್ಲ ಸಾಕಣೆಗಾರರೂ ಅದನ್ನೇ ಯೋಚಿಸುತ್ತಿದ್ದರು. ಮುಖಗಳು ಒಂದೊಂದಾಗಿ ಸಡಿಲಗೊಂಡವು.

"ಯಾರ ತಪ್ಪೂ ಇಲ್ಲವಾ?"

"ಯಾರದ್ದೂ ಇಲ್ಲ."

"ಹಾಗಾದ್ರೆ ಮೀಕಲ್ ರೋಗ ಅಂತಲೇ ಇರಲಿ," ಎಂದು ಕ್ಲೆಮ್ ಕೂತ. ಚಪ್ಪಾಳೆಯಾಯಿತು. ಆಮೇಲೆ ಎಲ್ಲರೂ ಚೀಸ್ ರೋಲ್ ತಿಂದರು.

ಮುಂದಿನ ವಾರಗಳಲ್ಲಿ ಮೀಕಲ್ ಡಾಕ್ಟರು ಅನುಭವಿಸಿದ ಸುಖ ಯಾವ ಹುಳುವಿನ ಯಜಮಾನನೂ ಅನುಭವಿಸಿರಲಾರ. ರೇಡಿಯೋದವರು ಬಂದರು. ಟಿವಿಯವರು ಬಂದು, ಸತ್ತ ಮರಿಯ ಪಕ್ಕದಲ್ಲಿ ನಿಲ್ಲಿಸಿ, ಸ್ವಲ್ಪ ದುಃಖದ ಮುಖ ಮಾಡಿ ಎಂದರು. ಆ ಮುಖ ಬರಲಿಲ್ಲ. ಮೂರು ಸಲ ತೆಗೆಯಬೇಕಾಯಿತು. ಸಂಘದವರು ಕ್ಲೆಮ್‌ನ ಹಳೆಯ ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಬಿಳಿ ಬಣ್ಣ ಬಳಿದು, ನಲ್ಲಿ ಹಾಕಿಸಿ, ಸಂಶೋಧನಾ ಕೇಂದ್ರ ಎಂದು ಬೋರ್ಡು ತೂಗುಹಾಕಿದರು. ಪಬ್ಬಿನಲ್ಲಿ ಎದುರಾದವರೆಲ್ಲ ಕುಶಲ ವಿಚಾರಿಸುತ್ತಿದ್ದರು.

"ರೋಗ ಹೇಗಿದೆ ಲಾಕಿ?"

"ಚೆನ್ನಾಗಿದೆ. ಹರಡ್ತಾ ಇದೆ."

ಆದರೆ ವಿಜ್ಞಾನಕ್ಕೆ ಸಾಕ್ಷಿ ಬೇಕು. ಸತ್ತ ಮರಿಯಿಂದ ರೋಗಾಣು ತೆಗೆದು, ಬೆಳೆಸಿ, ಆರೋಗ್ಯವಾಗಿರುವ ಮರಿಗೆ ಕುಡಿಸಬೇಕು, ಅದಕ್ಕೆ ಅದೇ ರೋಗ ಬರಬೇಕು. ಹಾಗೆ ಮಾಡಿ ತೋರಿಸಿದರೆ ಮಾತ್ರ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಕ್ಲೆಮ್ ಆರು ಮರಿ ಕೊಟ್ಟ. ಅವನ್ನು ಡಾಕ್ಟರು ತಮ್ಮ ಮನೆಯ ಹಿತ್ತಲಲ್ಲಿ ಕಟ್ಟಿಸಿದ ದೊಡ್ಡಿಗೆ ಬಿಟ್ಟು, ರೋಗಾಣು ಬೆರೆಸಿದ ನೀರು ಕುಡಿಸಿ, ಕಾದರು.

ಮರಿಗಳಿಗೆ ಏನೂ ಆಗಲಿಲ್ಲ. ಇನ್ನೊಂದು ಸಲ ಕುಡಿಸಿದರು. ಮರಿಗಳು ತುಟಿ ನೆಕ್ಕಿಕೊಂಡವು. ಹದಿನೈದು ದಿನ ಕಳೆಯುವಷ್ಟರಲ್ಲಿ ಅವುಗಳ ಮೈಮೇಲೆ ಮಿಂಚು ಬಂತು, ಒಂದನ್ನೊಂದು ಅಟ್ಟಿಸಿಕೊಂಡು ದೊಡ್ಡಿಯ ಸುತ್ತ ಓಡತೊಡಗಿದವು. ಅಷ್ಟು ಕೃತಘ್ನ ಪ್ರಾಣಿಗಳನ್ನು ತಾವು ನೋಡಿಲ್ಲವೆಂದು ಡಾಕ್ಟರು ಹೇಳಿದರು.

ಕಾರಣ ಗೊತ್ತಾದದ್ದು ನಾನು ಏನೋ ಸಹಿ ಹಾಕಿಸಲು ಅವರ ಮನೆಗೆ ಹೋದಾಗ. ಅವರ ಹೆಂಡತಿ ಥೆಲ್ಮಾ ದೊಡ್ಡಿಯ ಮಧ್ಯದಲ್ಲಿ ಮೊಣಕಾಲೂರಿ ಕೂತು ದೊಡ್ಡ ಪಾತ್ರೆಯಿಂದ ಬೆಚ್ಚಗಿನ ಓಟ್ಸ್ ಗಂಜಿ ಬಡಿಸುತ್ತಿದ್ದಳು. ಪಕ್ಕದಲ್ಲಿ ನೆನೆಸಿದ ಬಾರ್ಲಿ, ಮೂಲೆಯಲ್ಲಿ ಒಣಹುಲ್ಲಿನ ಹಾಸಿಗೆ, ಗಾಳಿಯ ಕಡೆಗೆ ಹಳೇ ಕರ್ಟನ್ ಕಟ್ಟಿದ್ದಳು. ಡಾಕ್ಟರು ನನ್ನ ಹಿಂದೆಯೇ ಬಂದರು.

"ಥೆಲ್ಮಾ, ಏನಿದು?"

"ಗಂಜಿ."

"ಇವು ಪ್ರಯೋಗದ ಪ್ರಾಣಿಗಳು. ಇವಕ್ಕೆ ರೋಗ ಬರಬೇಕು."

"ಬರಲಿ, ನಾನೇನು ಅಡ್ಡ ನಿಂತಿದೀನಾ? ಬಂದಾಗ ಪಕ್ಕೆಲುಬು ಎಣಿಸಬಹುದಿತ್ತು ಲಾಕಿ. ನನ್ನ ಕಿಟಕಿ ಮುಂದೆ ಯಾವುದೂ ಹಸ್ಕೊಂಡು ನಿಲ್ಲೋದು ಬೇಡ. ನಿನಗೆ ರೋಗ ಬೇಕಾದ್ರೆ ಬೇರೆ ಕಡೆ ಹುಡುಕ್ಕೋ."

"ನೀನು ನನ್ನ ಹದಿನೈದು ದಿನದ ಕೆಲಸ ಹಾಳು ಮಾಡ್ದೆ."

"ಮೂವತ್ತು ವರ್ಷದಿಂದ ನಿನಗೂ ಗಂಜಿ ಬೇಯಿಸಿ ಹಾಕಿದೀನಿ. ನೀನೂ ಹಾಳಾಗಿದೀಯ, ನೋಡು."

ಮರುದಿನವೇ ವಿಶ್ವವಿದ್ಯಾಲಯದಿಂದ ಫೋನ್ ಬಂತು. ನಮ್ಮ ದೇಶದ ಉತ್ತರದ ದ್ವೀಪದಲ್ಲಿ ರೋಗಾಣುಗಳನ್ನು ಗುರುತಿಸುವ ಜೂಡಿತ್ ಪ್ರೆಬಲ್ ಎಂಬ ಹೆಂಗಸಿಗೆ ಡಾಕ್ಟರು ಸೀಸೆ ಕಳಿಸಿದ್ದರು. ನಾನು ಫೋನ್ ಕೊಟ್ಟು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಆಕೆಯ ದನಿ ಎಷ್ಟು ಜೋರಾಗಿತ್ತೆಂದರೆ ಹೋಗಿದ್ದರೂ ಕೇಳುತ್ತಿತ್ತು.

"ಮೀಕಲ್ ಅವರೇ, ನಿಮ್ಮ ಸೀಸೆಯಲ್ಲಿರೋದು ಹಳೇ ಗಿರಾಕಿ. ಹಕ್ಕಿ, ಇಲಿ, ಮೊಲ ಎಲ್ಲದರ ಹೊಟ್ಟೆಯಲ್ಲೂ ಇರುತ್ತೆ. ನೂರು ವರ್ಷದ ಹಿಂದೆಯೇ ಹೆಸರಿಟ್ಟಾಗಿದೆ."

"ಹೆಸರು ಪೂರ್ತಿ ಆಗಿದೆಯಾ? ಹಿಂದೆ ಮುಂದೆ ಏನಾದ್ರೂ ಸೇರಿಸೋಕೆ..."

"ಈಗಲೇ ಬಾಯಿ ತಿರುಗಲ್ಲ, ಅಷ್ಟುದ್ದ ಇದೆ. ಹೆಸರು ಬಿಡಿ. ಆ ರೋಗಾಣು ಎಲ್ಲರ ಹೊಲದಲ್ಲೂ ಇರುತ್ತೆ. ನಿಮ್ಮಲ್ಲೇ ಯಾಕೆ ಕೊಲ್ತಾ ಇದೆ? ಆ ಮರಿಗಳಿಗೆ ಚಳಿಗಾಲದಲ್ಲಿ ತಿನ್ನೋಕೆ ಏನು ಹಾಕ್ತಾರೆ?"

ಡಾಕ್ಟರು ಫೋನ್ ಇಟ್ಟರು. ನನಗೆ ಸುಮ್ಮನಿರಲು ಆಗಲಿಲ್ಲ.

"ಆ ಮೂತ್ರಪಿಂಡ ನಾನು ಬಿಸಾಕಿಬಿಟ್ಟೆ ಡಾಕ್ಟ್ರೇ."

"ಗೊತ್ತು," ಎಂದರು. "ನಾನೂ ಅವತ್ತೇ ನೋಡಿದ್ದೆ ಡಾಟ್. ಕೊಬ್ಬಿಲ್ಲ ಅಂದ್ರೆ ಹಸಿವು ಅಂತ ಗೊತ್ತಿದ್ದೂ ಬಕೆಟ್ಟಿಗೆ ಹಾಕಿದ್ದೆ."

ಆಮೇಲೆ ಅವರು ಮಾಡಿದ್ದನ್ನು ಥೆಲ್ಮಾ ಬಹಳ ಕಾಲ ಕ್ಷಮಿಸಲಿಲ್ಲ. ಅವಳು ಅಕ್ಕನ ಮನೆಗೆ ಹೋಗಿದ್ದಾಗ ಮೂರು ಮರಿಗಳನ್ನು ಮನೆಯ ಮೇಲಿನ ಬೋಳು ಗುಡ್ಡಕ್ಕೆ ಅಟ್ಟಿದರು. ಅಲ್ಲಿ ಹಿಮದಡಿ ಕಮರಿದ ಹುಲ್ಲು ಬಿಟ್ಟರೆ ಏನೂ ಇಲ್ಲ, ದಕ್ಷಿಣದ ಶೀತಗಾಳಿ ನೇರ ಬಡಿಯುತ್ತದೆ. ಥೇಟ್ ಕ್ಲೆಮ್‌ನ ಹೊಲದ ಹಾಗೆ. ಕೆಳಗಿನ ಮೂರು ಗಂಜಿ ತಿಂದುಕೊಂಡು ಕುಣಿಯುತ್ತಿದ್ದವು. ಮೇಲಿನವು ಕುಗ್ಗಿದವು, ಕೂದಲು ನೆಟ್ಟಗಾಯಿತು, ಭೇದಿ ಶುರುವಾಯಿತು, ಒಂದು ಸತ್ತುಹೋಯಿತು. ಕುಡಿಸಿದ್ದು ಆರಕ್ಕೂ ಅದೇ ನೀರು. ಉಳಿದೆರಡನ್ನು ಡಾಕ್ಟರು ಹೆಗಲ ಮೇಲೆ ಹೊತ್ತು ತಂದು, ಇಂಜೆಕ್ಷನ್ ಚುಚ್ಚಿ, ಒಲೆಯ ಪಕ್ಕ ಮಲಗಿಸಿದರು. ಥೆಲ್ಮಾ ವಾಪಸು ಬಂದಾಗ ಗಂಡ ಸೂಟಿನ ಕೋಟನ್ನು ಜಿಂಕೆ ಮರಿಗೆ ಹೊದಿಸಿ, ತಳ ಹತ್ತಿದ ಗಂಜಿಯನ್ನು ಕಲಕುತ್ತಾ ಅಡುಗೆಮನೆಯಲ್ಲಿ ನಿಂತಿದ್ದರು. ಅವಳು ಚಮಚ ಕಸಿದುಕೊಂಡಳು.

ಬಿಳಿ ಬಣ್ಣದ ಕೊಟ್ಟಿಗೆಯ ಉದ್ಘಾಟನೆಗೆ ಮಂತ್ರಿ ಬರುವುದು ಆಗಲೇ ನಿಶ್ಚಯವಾಗಿತ್ತು. ಡಾಕ್ಟರು ಕ್ಲೆಮ್‌ನನ್ನು ಕ್ಲಿನಿಕ್ಕಿಗೆ ಕರೆಸಿ ಇದ್ದದ್ದನ್ನು ಹೇಳಿದರು. ಕ್ಲೆಮ್ ಗಾಬರಿಯಾಗಲಿಲ್ಲ. ಅನುಭವಸ್ಥ ಅಧ್ಯಕ್ಷ.

"ಇದು ಯಾರ್‍ಯಾರಿಗೆ ಗೊತ್ತು?"

"ನನಗೆ. ಡಾಟ್‌ಗೆ. ಥೆಲ್ಮಾಗೆ."

"ಹೆಂಗಸರು ಇರಲಿ ಬಿಡು. ನೀನು ಸುಮ್ಮನಿರು. ನಿನ್ನ ಹೆಸರು ಗೋಡೆ ಮೇಲೆ ಹಾಕಿದೀವಿ, ಹಿತ್ತಾಳೆಯಲ್ಲಿ ಕೆತ್ತಿಸಿದೀವಿ. ಮಂತ್ರಿಗಳು ಪರದೆ ಎಳೀತಾರೆ. ಅದರ ಕೆಳಗೆ ಏನಂತ ಬರೀಬೇಕು, ಕ್ಲೆಮ್ ಮೇವು ಹಾಕಿಲ್ಲ ಅಂತಲಾ?"

"ಹಾಕಿಲ್ಲವಲ್ಲ."

"ಅದು ಬೇರೆ ವಿಷಯ," ಎಂದ ಕ್ಲೆಮ್.

ಉದ್ಘಾಟನೆಯ ದಿನ ಡಾಕ್ಟರು ಸುಟ್ಟ ಗಂಜಿಯ ಕಲೆಯಿದ್ದ ಅದೇ ಕೋಟು ಹಾಕಿಕೊಂಡು ಬಂದರು. ಮಂತ್ರಿಗಳು ಪರದೆ ಎಳೆದರು. ಹಿತ್ತಾಳೆ ಹೊಳೆಯಿತು. ಡಾಕ್ಟರು ಭಾಷಣಕ್ಕೆ ನಿಂತು, ಮಾನ್ಯರೇ ಮಹನೀಯರೇ ಎಂದು ಶುರು ಮಾಡಿ, ಗೋಡೆಯ ಮೇಲಿನ ತಮ್ಮ ಹೆಸರನ್ನು ಒಂದು ಸಲ ಆಸೆಯಿಂದ ನೋಡಿಕೊಂಡರು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಕ್ಲೆಮ್‌ನ ಕಡೆಗೆ ತಿರುಗಿದರು.

"ಕ್ಲೆಮ್, ಜುಲೈಯಲ್ಲಿ ನಿನ್ನ ಮರಿಗಳು ಏನು ತಿಂತವೆ?"

ಕ್ಲೆಮ್ ಹಲ್ಲು ಕಚ್ಚಿ ನಕ್ಕ. "ಹುಲ್ಲು."

"ಜುಲೈಯಲ್ಲಿ ಹುಲ್ಲೆಲ್ಲಿರುತ್ತೆ?"

ಡಾಕ್ಟರು ಮುಂದುವರಿಸಿದರು.

"ರೋಗಾಣು ಇರೋದು ನಿಜ. ಅದು ಎಲ್ಲರ ಹೊಲದಲ್ಲೂ ಇದೆ. ಹೊಟ್ಟೆ ತುಂಬಿದ ಮರಿ ಅದನ್ನ ಜೀರ್ಣ ಮಾಡ್ಕೊಂಡು ಓಡಾಡುತ್ತೆ. ಖಾಲಿ ಹೊಟ್ಟೆಯ ಮರಿ ಚಳಿಗಾಳಿಗೆ ನಿಂತು ಸಾಯುತ್ತೆ. ಇದು ಹೊಸ ರೋಗ ಅಲ್ಲ. ಮೊದಲನೇ ದಿನವೇ ನನಗೆ ಕಂಡಿತ್ತು, ಹೆಸರಿನ ಆಸೆಗೆ ನಾನು ಕಣ್ಣು ಮುಚ್ಚಿಕೊಂಡೆ. ನೀವೂ ಮುಚ್ಚಿಕೊಂಡಿರಿ, ನಿಮಗೆ ಬೇರೆ ಆಸೆ ಇತ್ತು. ಆ ಹಲಗೆ ತೆಗೆಸಿಬಿಡಿ."

ಮಂತ್ರಿಗಳು ಚಪ್ಪಾಳೆ ತಟ್ಟಿದರು. ಅವರು ಯಾವ ಭಾಷಣವನ್ನೂ ಕೇಳುವವರಲ್ಲ. ಚಪ್ಪಾಳೆ ಒಂಟಿಯಾಗಿ ಕೇಳಿಸಿದಾಗ ಸುತ್ತ ನೋಡಿ ಕೈಗಳನ್ನು ಜೇಬಿಗೆ ಸೇರಿಸಿದರು.

ಸತ್ಯ ಹೇಳಿದವರಿಗೆ ನಮ್ಮೂರಿನಲ್ಲಿ ಶಿಕ್ಷೆಯೇನೂ ಇಲ್ಲ. ಫೋನ್ ಮಾಡುವುದಿಲ್ಲ, ಅಷ್ಟೇ. ಜಿಂಕೆ ಸಾಕುವವರೆಲ್ಲ ಪಕ್ಕದೂರಿನ ವೈದ್ಯನ ಕಡೆ ಹೊರಳಿದರು. ಸಂಶೋಧನಾ ಕೇಂದ್ರದಲ್ಲಿ ಕ್ಲೆಮ್ ತನ್ನ ಟ್ರ್ಯಾಕ್ಟರ್ ನಿಲ್ಲಿಸಿದ. ಪಬ್ಬಿನಲ್ಲಿ ಯಾರಾದರೂ ತನ್ನ ಸರದಿ ಬಂದಾಗ ಬಿಯರ್ ಕೊಡಿಸದೆ ಜಾರಿಕೊಂಡರೆ "ಅವನಿಗೆ ಮೀಕಲ್ ರೋಗ ಬಡಿದಿದೆ" ಎನ್ನುವುದು ರೂಢಿಯಾಯಿತು. ಅಂತೂ ಹೆಸರು ಉಳಿಯಿತು.

ಮುಂದಿನ ಚಳಿಗಾಲ ಬರುವ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಮೇವಿನ ಅಂಗಡಿಯಲ್ಲಿ ಬಾರ್ಲಿ ಮುಗಿದುಹೋಯಿತು. ಕೊಂಡವರು ಯಾರು ಎಂದು ಕೇಳಿದರೆ ಯಾರೂ ಇಲ್ಲ. ಒಬ್ಬನದು ಕೋಳಿಗಂತೆ, ಒಬ್ಬನದು ಮಾವನ ಕುದುರೆಗಂತೆ. ಬೇಲಿಗಳ ದಕ್ಷಿಣದ ಅಂಚಿನಲ್ಲಿ ಪೈನ್ ಸಸಿಗಳು ಸಾಲಾಗಿ ಎದ್ದವು. ಅವು ನೋಟ ಚೆನ್ನಾಗಿರಲಿ ಎಂದಂತೆ. ಮರಿಗಳು ಸಾಯುವುದು ಹೆಚ್ಚುಕಡಿಮೆ ನಿಂತಿತು. ತಾನು ಸ್ಕಾಟ್‌ಲ್ಯಾಂಡಿನಿಂದ ತರಿಸಿದ ವಿಶೇಷ ಉಪ್ಪಿನ ಗಟ್ಟಿಯಿಂದ ರೋಗ ಓಡಿಹೋಯಿತು ಎಂದು ಕ್ಲೆಮ್ ಹೇಳಿದ. ಅದಕ್ಕೆ ಅವನಿಗೊಂದು ಪದಕವೂ ಬಂತು. ಕೆಲವು ವರ್ಷಗಳ ನಂತರ ಬೇರೆ ಕಡೆಯ ವಿಜ್ಞಾನಿಗಳು ಆ ರೋಗಾಣುವಿಗೆ ಲಸಿಕೆಯನ್ನೇ ಮಾಡಿದರು. ಅವರ ಬರಹಗಳಲ್ಲಿ ನಮ್ಮ ಡಾಕ್ಟರ ಹೆಸರು ಅಡಿಟಿಪ್ಪಣಿಯಲ್ಲೂ ಇರಲಿಲ್ಲ. ನಾನು ಹುಡುಕಿದ್ದೇನೆ.

ಡಾಕ್ಟರು ಕುರಿ, ಹಸು, ನಾಯಿಗಳಿಗೆ ಮರಳಿದರು. ಒಂದು ವಸಂತದಲ್ಲಿ, ಕುರಿಗಳು ಮರಿ ಹಾಕುವ ಕಾಲದಲ್ಲಿ, ಕ್ಲೆಮ್ ಫೋನ್ ಮಾಡದೆ ತಾನೇ ಬಂದು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತ. ಕಣ್ಣುಗಳು ಕೆಂಪಾಗಿದ್ದವು.

"ಲಾಕಿ, ನನ್ನ ದೊಡ್ಡ ಗಂಡು ಬಿದ್ದುಬಿಟ್ಟಿದೆ. ಪಕ್ಕದೂರಿನವನು ಏನೂ ತಿಳೀತಿಲ್ಲ ಅಂತಾನೆ. ಬಾರಯ್ಯಾ."

ಆ ಗಂಡು ಜಿಂಕೆಯ ಚಿತ್ರವನ್ನು ಕ್ಲೆಮ್ ತನ್ನ ಹೆಂಡತಿಯ ಚಿತ್ರದ ಮೇಲೆ ತೂಗುಹಾಕಿದ್ದ. ಅದೀಗ ಗೇಟಿನ ಪಕ್ಕ ಮಲಗಿತ್ತು. ಎರಡು ಕಣ್ಣೂ ಹಾಲಿನಂತೆ ಬೆಳ್ಳಗಾಗಿದ್ದವು, ಮೂಗಿನಿಂದ ಸಿಂಬಳ ಇಳಿದಿತ್ತು, ಭೇದಿಯಲ್ಲಿ ರಕ್ತವಿತ್ತು. ಕ್ಲೆಮ್ ಅದರ ಕತ್ತು ಸವರುತ್ತಾ ಮಣ್ಣಿನಲ್ಲಿ ಕೂತ.

"ಮೇವು ಹಾಕಿದೀನಿ ಲಾಕಿ. ಆಣೆಗೂ ಹಾಕಿದೀನಿ."

"ನೋಡಿದ್ರೆ ಗೊತ್ತಾಗುತ್ತೆ. ಇದು ಹಸಿವಲ್ಲ," ಎಂದು ಡಾಕ್ಟರು ಅವನ ಪಕ್ಕದಲ್ಲಿ ಕೂತರು. "ಇದಕ್ಕೆ ಮದ್ದೂ ಇಲ್ಲ. ನೋವು ಕಡಿಮೆ ಮಾಡಿ ಕಳಿಸಿಕೊಡಬಹುದು, ಅಷ್ಟೇ."

ಚುಚ್ಚಿದರು. ಗುಂಡಿ ತೋಡುವಾಗ ಡಾಕ್ಟರೂ ಗುದ್ದಲಿ ಹಿಡಿದರು. ಮಣ್ಣು ಮುಚ್ಚಿದ ಮೇಲೆ ಕ್ಲೆಮ್ ಕೇಳಿದ.

"ಎಲ್ಲಿಂದ ಬಂತು ಇದು?"

ಡಾಕ್ಟರು ಬೇಲಿಯ ಆಚೆ ಬೆರಳು ತೋರಿಸಿದರು. ಕ್ಲೆಮ್ ಮಾರದೆ ಉಳಿಸಿಕೊಂಡಿದ್ದ ಕಾಲು ಪಾಲು ಕುರಿಗಳು ಮರಿಗಳ ಜೊತೆ ಮೇಯುತ್ತಿದ್ದವು.

"ಕುರಿಯಿಂದ. ಅವಕ್ಕೆ ಏನೂ ಆಗಲ್ಲ, ಮೈಯೊಳಗೆ ಹೊತ್ತುಕೊಂಡು ತಿರುಗ್ತವೆ. ಜಿಂಕೆಗೆ ತಗುಲಿದರೆ ಉಳಿಯಲ್ಲ. ಎರಡನ್ನೂ ಅಕ್ಕಪಕ್ಕ ಇಡಬಾರದು. ಇದು ಜಿಂಕೆ ಸಾಕೋ ಊರಿಗೆಲ್ಲ ಗೊತ್ತಾಗಬೇಕು."

ಕ್ಲೆಮ್ ಸುತ್ತ ನೋಡಿದ. ಸಂಘದ ಅಧ್ಯಕ್ಷ ಮಾಯವಾಗಿ ಅವನ ಅಜ್ಜನೇ ಎದ್ದು ಬಂದ ಹಾಗಿತ್ತು.

"ಕುರಿ ಅಂತ ಮಾತ್ರ ಯಾರ ಹತ್ರಾನೂ ಹೇಳಬೇಡ ಮಾರಾಯ. ಇಲ್ಲಿನ ಶಾಲೆ, ಚರ್ಚು, ಸಭಾಭವನ ಎಲ್ಲ ಕುರಿಯಿಂದ ಎದ್ದಿದ್ದು. ಏನಾದ್ರೂ ಹಕ್ಕಿ ಗಿಕ್ಕಿ ಅಂತ ಹೇಳು."

ಡಾಕ್ಟರು ಅದನ್ನು ಕುರಿ ಸಾಕಣೆಗಾರರ ಸಂಘದ ವಾರ್ಷಿಕ ಊಟದಲ್ಲೇ ಹೇಳಿದರು. ಭಾನುವಾರ ಮಧ್ಯಾಹ್ನ, ಬಡಿಸಿದ ಸುಟ್ಟ ಕುರಿಮಾಂಸ ಇನ್ನೂ ಬಿಸಿಯಾಗಿತ್ತು. ಜಿಂಕೆಯ ಬೇಲಿಗಳಿಂದ ನಿಮ್ಮ ಕುರಿಗಳನ್ನು ದೂರ ಇಡಿ ಎಂದು ಎದ್ದು ನಿಂತು ವಿವರಿಸಿದರು. ಮುಳ್ಳುಚಮಚಗಳ ಸದ್ದು ಒಂದೊಂದಾಗಿ ನಿಂತಿತು. ಉಳಿದಿದ್ದ ಅರ್ಧ ಗಿರಾಕಿಗಳೂ ಅಂದು ಕೈಬಿಟ್ಟುಹೋದರು. ಅದರ ಜೊತೆ ನನ್ನ ಕೆಲಸವೂ ಹೋಯಿತು. ನಾನು ಆಮೇಲೆ ಅಂಚೆ ಕಚೇರಿ ಸೇರಿದೆ.

ಆ ಊಟದಿಂದ ವಾಪಸು ಬರುವಾಗ ಥೆಲ್ಮಾ ಡಾಕ್ಟರ ಪಕ್ಕದಲ್ಲಿದ್ದಳು, ನಾನು ಕಾರಿನ ಹಿಂದಿನ ಸೀಟಿನಲ್ಲಿದ್ದೆ. ಡಾಕ್ಟರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಥೆಲ್ಮಾ, ನಾನು ಹೇಳಿದ್ದು ಸರಿಯಾಗಿತ್ತಾ?"

"ಸರಿಯಾಗಿತ್ತು," ಎಂದಳು ಥೆಲ್ಮಾ. "ಪುಡಿಂಗ್ ಬರೋವರೆಗಾದ್ರೂ ಕಾಯಬಹುದಿತ್ತು."